ನಾಲ್ವರಿಗೆ ತಕ್ಕ ಡೇರೆ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಡೇರೆಯ ಮೇಲೊಂದು ಲೇಖನವೇ ಎಂದು ಓದುಗರು ಹುಬ್ಬೇರಿಸಬಹುದು. ಪಂಪನ ಮೇಲೆ, ವಚನಗಳ ಮೇಲೆ, ಸಹಕಾರ ಚಳವಳಿಯ ಮೇಲೆ ಬರೆಯುವವರ ನಡುವೆ ಗೂಟ, ಹಗ್ಗ, ಬಟ್ಟೆಗಳನ್ನು ಹಿಡಿದು ಬಂದು ನಿಂತಿರುವ ನನಗೂ ಸಂಕೋಚವಿಲ್ಲದಿಲ್ಲ. ಆದರೆ ಕಳೆದ ಎರಡು ವರ್ಷಗಳಲ್ಲಿ ನಾನು ಪಠ್ಯಪುಸ್ತಕಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಅಭ್ಯಾಸ ಮಾಡಿದ ವಿಷಯ ಇದೊಂದೇ. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ಅದು ನನ್ನ ತಪ್ಪಿನ ಕಥೆ.

2022ರ ಅಕ್ಟೋಬರಿನಲ್ಲಿ ನಾವು ನಾಲ್ವರು ಸಹಪಾಠಿಗಳು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಅಂಚಿನ ಗುಡ್ಡದ ಮೇಲೆ, ತೋಟದ ಯಜಮಾನರ ಅಪ್ಪಣೆ ಪಡೆದು, ಒಂದು ರಾತ್ರಿ ತಂಗಿದೆವು. ಡೇರೆಯನ್ನು ಕೊಂಡು ತಂದವನು ನಾನು. 'ನಾಲ್ವರಿಗೆ' ಎಂದು ಅದರ ಚೀಲದ ಮೇಲೆ ಅಚ್ಚಾಗಿತ್ತು, ಬೆಲೆ ಅಗ್ಗವಾಗಿತ್ತು, ಬಣ್ಣ ಚೆನ್ನಾಗಿತ್ತು. ಇದಕ್ಕಿಂತ ಹೆಚ್ಚಿನದೇನನ್ನೂ ನಾನು ನೋಡಲಿಲ್ಲ. ಅದರ ನೆಲ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ. ಅಂದರೆ ತಲೆಗೆ ಐವತ್ತು ಸೆಂಟಿಮೀಟರ್. ಮೇಲ್ಹೊದಿಕೆ ಎಂಬುದು ಡೇರೆಯ ನೆತ್ತಿಗೆ ಇಟ್ಟ ಟೋಪಿಯಂತಿತ್ತೇ ಹೊರತು ಗೋಡೆಗಳನ್ನು ಮುಚ್ಚುತ್ತಿರಲಿಲ್ಲ. ಕೋಲುಗಳು ಫೈಬರ್‌ಗ್ಲಾಸಿನವು. ರಾತ್ರಿ ಎರಡರ ಸುಮಾರಿಗೆ ಗಾಳಿಯೊಡನೆ ಮಳೆ ಬಂತು. ಮೊದಲು ಒಂದು ಕೋಲು ಸೀಳಿಕೊಂಡು ಮುರಿಯಿತು. ಮುರಿದ ತುದಿ ಬಟ್ಟೆಯನ್ನು ಹರಿಯಿತು. ಉಳಿದದ್ದು ನಮ್ಮ ಮೇಲೆ ಕುಸಿಯಿತು. ಅಂಚಿನಲ್ಲಿ ಮಲಗಿದ್ದ ಗೆಳೆಯ, ನಮ್ಮೆಲ್ಲರಿಗಿಂತ ಕಿರಿಯ, ತೆಳ್ಳಗಿನವನು, ಅಷ್ಟರಲ್ಲಾಗಲೇ ಕಂಬಳಿಸಮೇತ ನೆನೆದುಹೋಗಿದ್ದ.

ಅವನಿಗೆ ನಡುಕ ಹತ್ತಿತು. ಅರ್ಧ ಗಂಟೆ ಹಲ್ಲು ಕಟಕಟಿಸುತ್ತ ಕುಳಿತಿದ್ದವನಿಗೆ ಆಮೇಲೆ ನಡುಕ ನಿಂತಿತು. ನಾವು ಮೂರ್ಖರು, ಸದ್ಯ ಚಳಿ ಬಿಟ್ಟಿತು ಎಂದು ಸಮಾಧಾನಪಟ್ಟೆವು. ಅವನು ಮಾತು ತೊದಲಲು ತೊಡಗಿದಾಗಲೇ ನಮಗೆ ಹೆದರಿಕೆಯಾದದ್ದು. ನೆನೆದು ತಣ್ಣಗಾದ ಮನುಷ್ಯನ ನಡುಕ ತಾನಾಗಿ ನಿಲ್ಲುವುದು ಸುಧಾರಣೆಯ ಲಕ್ಷಣವಲ್ಲ, ದೇಹ ಸೋಲುತ್ತಿರುವುದರ ಲಕ್ಷಣ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಅವನನ್ನು ನಡೆಸಿಕೊಂಡು, ಕಡೆಗೆ ಹೊತ್ತುಕೊಂಡು, ತೋಟದ ಕೆಲಸಗಾರರ ಸಾಲುಮನೆಗೆ ಬಂದೆವು. ಅಲ್ಲಿಯ ಒಬ್ಬ ತಾಯಿ ನಮ್ಮನ್ನು ಒಂದು ಮಾತೂ ಕೇಳದೆ ಅವನ ಒದ್ದೆ ಬಟ್ಟೆ ತೆಗೆಸಿ, ಒಣ ಕಂಬಳಿ ಸುತ್ತಿ, ಒಲೆಯ ಕೋಣೆಯಲ್ಲಿ ಕೂರಿಸಿ, ಬಿಸಿ ಬೆಲ್ಲದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಬೆಳಗಿನ ಹೊತ್ತಿಗೆ ಅವನು ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಎರಡು ವರ್ಷಗಳ ಮೇಲೆ ಹಿಮಾಲಯಕ್ಕೆ ಹೋಗುವ ಮಾತು ಬಂದಾಗ ಅವನ ತಾಯಿ ನನ್ನನ್ನು ಮನೆಗೆ ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: "ಈ ಸಲ ಡೇರೆ ಆರಿಸುವವರು ಯಾರಪ್ಪ?" ನಾನೇ ಎಂದೆ. "ಹಾಗಾದರೆ ಸರಿಯಾಗಿ ನೋಡಿ ಆರಿಸು" ಎಂದರು. ಈ ಲೇಖನ ಆ ಮಾತಿನ ಫಲ.

ನಾವು ಹೊರಟಿದ್ದು ಹಿಮಾಚಲ ಪ್ರದೇಶದ ಹಂಪ್ತಾ ಕಣಿವೆಮಾರ್ಗಕ್ಕೆ. ಅದರ ಎತ್ತರ ಸುಮಾರು 4,270 ಮೀಟರ್. ಡೇರೆಯ ದೃಷ್ಟಿಯಿಂದ ಈ ಹಾದಿಯಲ್ಲೊಂದು ವಿಶೇಷವಿದೆ. ಕುಲ್ಲು ಕಡೆಯ ಇಳಿಜಾರು ಹಸಿರು. ಮೋಡಗಳು ಅಲ್ಲಿಯೇ ನೀರು ಸುರಿಸಿಬಿಡುತ್ತವೆ. ಕಣಿವೆಮಾರ್ಗ ದಾಟಿ ಲಾಹುಲ್ ಕಡೆಗೆ ಇಳಿದರೆ ಬೋಳು ಕಲ್ಲು, ಒಣ ಗಾಳಿ, ಧೂಳು. ನಮ್ಮ ಆಗುಂಬೆ ಮತ್ತು ಚಿತ್ರದುರ್ಗಗಳನ್ನು ಎರಡು ದಿನದ ನಡಿಗೆಯೊಳಗೆ ಇಟ್ಟಂತೆ. ಒಂದೇ ಡೇರೆ ಎರಡಕ್ಕೂ ಒದಗಬೇಕು, ಮತ್ತು ಅದನ್ನು ನಮ್ಮ ಬೆನ್ನೇ ಹೊರಬೇಕು.

ಮೊದಲನೆಯ ಪ್ರಶ್ನೆ: ನಾಲ್ವರಿಗೆ ಒಂದೇ ಡೇರೆಯೋ, ಇಬ್ಬಿಬ್ಬರಿಗೆ ಒಂದರಂತೆ ಎರಡೋ? ಲೆಕ್ಕಕ್ಕೆ ಒಂದೇ ಡೇರೆ ಹಗುರ. ಇಬ್ಬರು ನೆರೆಹೊರೆಯವರು ಒಂದೇ ಗೋಡೆ ಹಂಚಿಕೊಂಡರೆ ಇಟ್ಟಿಗೆ ಉಳಿಯುವಂತೆ ಇಲ್ಲಿ ಬಟ್ಟೆ ಉಳಿಯುತ್ತದೆ. ನಾವು ನೋಡಿದವುಗಳಲ್ಲಿ ನಾಲ್ವರ ಒಳ್ಳೆಯ ಡೇರೆಯೊಂದರ ತೂಕ 3.1 ಕಿಲೋಗ್ರಾಂ ಎಂದಿತ್ತು. ತಲೆಗೆ 775 ಗ್ರಾಂ. ಇಬ್ಬರ ಡೇರೆ 1.85 ಕಿಲೋಗ್ರಾಂ, ತಲೆಗೆ 925 ಗ್ರಾಂ. ವ್ಯತ್ಯಾಸ 150 ಗ್ರಾಂ, ಒಂದು ಕಿತ್ತಳೆ ಹಣ್ಣಿನಷ್ಟು. ಈ ಒಂದು ಕಿತ್ತಳೆಯ ಸಲುವಾಗಿ ನಮ್ಮಲ್ಲಿ ಮೂರು ಸಂಜೆ ವಾದ ನಡೆಯಿತು. ಒಂದೇ ಡೇರೆಯಾದರೆ ಎಲ್ಲರೂ ಒಟ್ಟಿಗೆ ಮಾತನಾಡುತ್ತ ಮಲಗಬಹುದು ಎಂಬುದು ಅವರ ಪಕ್ಷ; ಅದು ಅಲ್ಪವಾದ ವಾದವಲ್ಲ, ಅಷ್ಟು ದೂರ ಹೋಗುವುದೇ ಅದಕ್ಕಾಗಿ. ಆದರೆ ಬೆಟ್ಟದ ಮೇಲೆ ನಾಲ್ವರು ಮಲಗುವಷ್ಟು ಸಮತಟ್ಟಾದ ಜಾಗ ಸಿಗುವುದು ಅಪರೂಪ. ಇಬ್ಬರ ಜಾಗ ಎರಡು ಕಡೆ ಸಿಗುತ್ತದೆ. ದೊಡ್ಡ ಡೇರೆ ಎತ್ತರವಾಗಿ ಗಾಳಿಗೆ ಎದೆಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಡೇರೆ ಹರಿದರೆ ನಾಲ್ವರೂ ಬಯಲಿಗೆ ಬಿದ್ದಂತೆ. ಎರಡಿದ್ದರೆ ಒಂದು ಹಾಳಾದರೂ ಇನ್ನೊಂದರಲ್ಲಿ ನಾಲ್ವರೂ ಮೊಣಕಾಲು ಮಡಿಸಿ ಕುಳಿತಾದರೂ ಬೆಳಗು ಮಾಡಬಹುದು. ಸಕಲೇಶಪುರದ ರಾತ್ರಿಯನ್ನು ನೆನಪಿಸಿದ ಮೇಲೆ ವಾದ ಮುಗಿಯಿತು.

ಇನ್ನು ನೆಲದ ಅಳತೆ. ಅಂಗಡಿಯವರು 'ಇಬ್ಬರಿಗೆ', 'ನಾಲ್ವರಿಗೆ' ಎನ್ನುವುದು ನಮ್ಮ ಬಸ್ಸುಗಳಲ್ಲಿ 'ಮೂವರಿಗೆ' ಎಂದು ಆಸನದ ಮೇಲೆ ಬರೆದಂತೆಯೇ. ಕೂರುವವರ ಗಾತ್ರ ಕೇಳಿ ಬರೆದದ್ದಲ್ಲ. ಆದುದರಿಂದ ನಾವು ಹಾಸ್ಟೆಲಿನ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಡೇರೆಯ ನೆಲವನ್ನೇ ಬರೆದೆವು: 2.10 ಮೀಟರ್ ಉದ್ದ, 1.30 ಮೀಟರ್ ಅಗಲ. ಸಾಧಾರಣ ಮಲಗುವ ಚಾಪೆಯ ಅಗಲ 51 ಸೆಂಟಿಮೀಟರ್. ಎರಡು ಹಾಸಿದ ಮೇಲೆ 28 ಸೆಂಟಿಮೀಟರ್ ಉಳಿಯಿತು. ಕನ್ನಡಕ, ದೀಪ, ನೀರಿನ ಬಾಟಲಿಗೆ ಸಾಕು. ಆದರೆ ನಮ್ಮಲ್ಲಿ ಆರು ಅಡಿಯ ಗೆಳೆಯನೊಬ್ಬನಿದ್ದಾನೆ, 183 ಸೆಂಟಿಮೀಟರ್. ಗೆರೆಯೊಳಗೆ ಅವನು ಸಲೀಸಾಗಿ ಹಿಡಿಸಿದ. ಹಾಗೆಂದು ಸಂತೋಷಪಡುವಾಗ ಇತಿಹಾಸದ ಅಧ್ಯಾಪಕರೊಬ್ಬರು ಹಾದುಹೋಗುತ್ತ ನಿಂತು, "ಗೋಡೆ ನೆಟ್ಟಗಿದೆಯೋ, ಓರೆಯೋ?" ಎಂದು ಕೇಳಿದರು. ಡೇರೆಯ ಗೋಡೆ ಒಳಕ್ಕೆ ಬಾಗಿರುತ್ತದೆ. ನೆಲದಲ್ಲಿ 210 ಇರುವುದು ಒಂದು ಗೇಣು ಎತ್ತರದಲ್ಲಿ ಅಷ್ಟಿರುವುದಿಲ್ಲ. ಮಲಗುವ ಚೀಲದ ಉಬ್ಬಿದ ಪಾದದ ಭಾಗ ಓರೆ ಗೋಡೆಗೆ ತಗುಲಿ ಅಲ್ಲಿನ ತೇವವನ್ನೆಲ್ಲ ಹೀರುತ್ತದೆ. ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿ, ಬೆಡ್‌ಷೀಟನ್ನು ಓರೆಯಾಗಿ ಇಳಿಬಿಟ್ಟು ನೋಡಿದಾಗ ಅವರ ಮಾತು ನಿಜವೆಂದು ಕಂಡಿತು. ತುದಿಗಳ ಗೋಡೆ ಕಡಿದಾಗಿರುವ ಡೇರೆಯನ್ನೇ ಹುಡುಕಬೇಕಾಯಿತು.

ಬಟ್ಟೆಯ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಡೇರೆಯ ಬಟ್ಟೆಯ ಮೇಲೆ 20 ಡೀನಿಯರ್, 40 ಡೀನಿಯರ್, 70 ಡೀನಿಯರ್ ಎಂದು ಬರೆದಿರುತ್ತದೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅದರ ಡೀನಿಯರ್. ನಾವು ಹಿಂದಿರುಗುವಾಗ ಹಾದುಬಂದ, 2020ರಲ್ಲಿ ತೆರೆದ ಅಟಲ್ ಸುರಂಗದ ಉದ್ದ 9.02 ಕಿಲೋಮೀಟರ್. ಆ ಸುರಂಗದ ಈ ಬಾಯಿಂದ ಆ ಬಾಯಿಗೆ ಒಂದೆಳೆ ಎಳೆದರೆ ಅದರ ತೂಕ ಇಪ್ಪತ್ತು ಗ್ರಾಂ! ಅಂಥ ನೂಲಿನ ಬಟ್ಟೆ ನಮ್ಮನ್ನು ಕಾಯುತ್ತದೆ ಎಂದರೆ ನಂಬುವುದು ಕಷ್ಟ.

ನೂಲಿನಲ್ಲಿ ಎರಡು ಜಾತಿ, ನೈಲಾನ್ ಮತ್ತು ಪಾಲಿಯೆಸ್ಟರ್. ತೂಕಕ್ಕೆ ತೂಕ ನೈಲಾನ್ ಗಟ್ಟಿ. ಆದರೆ ನೀರು ಹೀರಿ ಸಡಿಲವಾಗುತ್ತದೆ. ಸಂಜೆ ತಂಬೂರಿಯ ತಂತಿಯಂತೆ ಬಿಗಿದಿದ್ದ ಡೇರೆ ಮಳೆ ಬಿದ್ದ ಮೇಲೆ ಜೋಲುತ್ತದೆ. ಹೊರಗೆ ಹೋಗಿ ಮತ್ತೆ ಬಿಗಿಯಬೇಕು. ಪಾಲಿಯೆಸ್ಟರ್ ಹಾಗೆ ಜೋಲುವುದು ಕಡಿಮೆ, ಬಿಸಿಲಿಗೂ ಹೆಚ್ಚು ತಾಳುತ್ತದೆ. ಅಷ್ಟೇ ಗಟ್ಟಿಯಿರಬೇಕಾದರೆ ತುಸು ಭಾರ. ನೀರು ತಡೆಯುವುದು ನೂಲಲ್ಲ, ಅದರ ಮೇಲಿನ ಲೇಪ. ಸಿಲಿಕೋನ್ ಲೇಪ ಹಗುರ, ಬಹುಕಾಲ ಬಾಳುತ್ತದೆ. ಆದರೆ ಅದರ ಹೊಲಿಗೆಯ ಮೇಲೆ ಪಟ್ಟಿ ಅಂಟುವುದಿಲ್ಲ, ಸಿಲಿಕೋನ್ ಅಂಟನ್ನೇ ಬಳಿದು ಮುಚ್ಚಬೇಕು. ಪಾಲಿಯುರಿಥೇನ್ ಲೇಪ ಅಗ್ಗ, ಹೊಲಿಗೆಗೆ ಕಾರ್ಖಾನೆಯಲ್ಲೇ ಪಟ್ಟಿ ಹಚ್ಚಿ ಕೊಡುತ್ತಾರೆ. ಆದರೆ ಒದ್ದೆಯಾಗಿ ಸುತ್ತಿಟ್ಟರೆ ಕಾಲಕ್ರಮದಲ್ಲಿ ಅಂಟಂಟಾಗಿ, ಕೆಟ್ಟ ವಾಸನೆ ಹಿಡಿದು ಕಳಚಿಬರುತ್ತದೆ. ನಮ್ಮ ಜೇಬು ನೋಡಿಕೊಂಡು ನಾವು ಪಾಲಿಯೆಸ್ಟರ್ ಮತ್ತು ಪಾಲಿಯುರಿಥೇನ್ ಎಂದು ನಿಶ್ಚಯಿಸಿದೆವು. ನಾಲ್ವರೂ ಸೇರಿಸಿದ್ದ 16,000 ರೂಪಾಯಿಯಲ್ಲಿ ಸಿಲಿಕೋನಿನ ಎರಡು ಡೇರೆಗಳು ಬರುತ್ತಿರಲಿಲ್ಲ ಎಂಬುದೇ ಮೊದಲ ಕಾರಣ. ಉಳಿದ ಕಾರಣಗಳನ್ನು ಆಮೇಲೆ ಕಂಡುಕೊಂಡೆವು.

ಇನ್ನು 2,000 ಮಿಲಿಮೀಟರ್, 3,000 ಮಿಲಿಮೀಟರ್ ಎಂಬ ಅಂಕಿಗಳು. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಎಷ್ಟು ಎತ್ತರವಾದಾಗ ಕೆಳಗೆ ಹನಿ ಜಿನುಗುತ್ತದೆ ಎಂಬುದರ ಅಳತೆ ಇದು. ಮೇಲ್ಹೊದಿಕೆಗೆ 2,000 ಇದ್ದರೆ ಮಳೆಗೆ ಸಾಕಾಗುತ್ತದೆ. ಹಾಗಾದರೆ ನೆಲಹಾಸು ಏಕೆ ಇದಕ್ಕಿಂತ ಹೆಚ್ಚು ಬೇಕು? ಸಣ್ಣ ಲೆಕ್ಕ ಮಾಡಿ ನೋಡಿ. ಡೇರೆಯೊಳಗೆ ಮಂಡಿಯೂರಿದಾಗ ಒಂದು ಮಂಡಿಯ ಮೇಲೆ 30 ಕಿಲೋಗ್ರಾಂ ಭಾರ ಬೀಳುತ್ತದೆ ಎನ್ನೋಣ, ಅದು ಒತ್ತುವ ಜಾಗ 50 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 0.6 ಕಿಲೋಗ್ರಾಂ ಆಯಿತು. ಇದು ಆರು ಮೀಟರ್ ನೀರಿನ ಕಂಬದ ಒತ್ತಡ, ಎಂದರೆ 6,000 ಮಿಲಿಮೀಟರ್! ಕೆಳಗೆ ನೆಂದ ಹುಲ್ಲಿದ್ದರೆ 3,000ದ ನೆಲಹಾಸೂ ಮಂಡಿಯ ಕೆಳಗೆ ಜಿನುಗಬಹುದು. ಸಕಲೇಶಪುರದಲ್ಲಿ ನೆಲದಿಂದ ನೀರು ಬಂದದ್ದು ಹೇಗೆಂದು ನನಗೆ ಅರ್ಥವಾದದ್ದು ಈ ಲೆಕ್ಕ ಹಾಕಿದ ದಿನ. ಪರಿಹಾರ ದುಬಾರಿಯಲ್ಲ: ಡೇರೆಯೊಳಗೆ ಹೊಕ್ಕ ಕೂಡಲೇ ಮೊದಲು ಚಾಪೆ ಹಾಸುವುದು, ಬರಿಯ ನೆಲಹಾಸಿನ ಮೇಲೆ ಮಂಡಿಯೂರದಿರುವುದು. ಭಾರ ಹರಡಿದರೆ ಒತ್ತಡ ಇಳಿಯುತ್ತದೆ.

ಮಳೆಯ ನೀರಿಗಿಂತ ಮೋಸದ ನೀರು ಇನ್ನೊಂದಿದೆ. ಅದು ನಮ್ಮದೇ ಉಸಿರು. ಮಲಗಿದ ಮನುಷ್ಯ ರಾತ್ರಿಯಿಡೀ ಉಸಿರು ಬೆವರುಗಳಿಂದ ಕೆಲವು ನೂರು ಮಿಲಿಲೀಟರ್ ನೀರನ್ನು ಆವಿಯಾಗಿ ಹೊರಬಿಡುತ್ತಾನೆ. ಆ ಆವಿ ತಣ್ಣನೆಯ ಬಟ್ಟೆಗೆ ತಗುಲಿ ಹನಿಗಟ್ಟುತ್ತದೆ. ಒಂದೇ ಪದರದ ಡೇರೆ ಹಗುರ, ಆದರೆ ಆ ಹನಿ ನೇರ ನಮ್ಮ ಮೇಲೆಯೇ. ಎರಡು ಪದರವಿದ್ದರೆ ಆವಿ ಒಳಡೇರೆಯ ಬಲೆಯ ಮೂಲಕ ಹಾದು, ಹೊರ ಹೊದಿಕೆಯ ಒಳಮೈಯಲ್ಲಿ ಹನಿಗಟ್ಟಿ, ಕೆಳಗಿಳಿದು ಹೊರಗೆ ಹೋಗುತ್ತದೆ. ಜನ ಮಳೆಗೆ ಹೆದರಿ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ, ಬೆಳಿಗ್ಗೆ ಡೇರೆ ಸೋರಿತು ಎಂದು ಅಂಗಡಿಯವರನ್ನು ಬಯ್ಯುವುದುಂಟು, ನಾನೂ ಬೈದಿದ್ದೇನೆ. ಎರಡು ಪದರದ್ದೇ ಬೇಕು ಎಂಬಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಒಳಡೇರೆ ಪೂರ್ತಿ ಬಲೆಯಾದರೆ ಲಾಹುಲಿನ ಗಾಳಿ, ಧೂಳು ಒಳಗೆ ನುಗ್ಗುತ್ತವೆ. ಪೂರ್ತಿ ಬಟ್ಟೆಯಾದರೆ ಕುಲ್ಲು ಕಡೆಯ ತೇವ ಒಳಗೇ ಉಳಿಯುತ್ತದೆ. ಕೆಳಗೆ ಬಟ್ಟೆ, ಮೇಲೆ ಬಲೆ ಇರುವುದನ್ನು ಆರಿಸಿದೆವು.

ಕೋಲುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅಲ್ಯುಮಿನಿಯಂ ಮಿಶ್ರಲೋಹದ್ದು ಹಗುರ, ಒತ್ತಡಕ್ಕೆ ಬಾಗುತ್ತದೆ. ಮುರಿದರೂ ಒಂದು ಗೇಣುದ್ದದ ಕೊಳವೆಯನ್ನು ತೊಡಿಸಿ ಬೆಳಗಿನವರೆಗೆ ನಿಲ್ಲಿಸಬಹುದು. ಫೈಬರ್‌ಗ್ಲಾಸಿನ ವಿಷಯ ಈಗಾಗಲೇ ಹೇಳಿದೆ. ಕೋಲುಗಳೇ ಇಲ್ಲದೆ, ನಡೆಯುವಾಗ ಊರುವ ಕೋಲುಗಳಿಂದಲೇ ಎತ್ತಿ ನಿಲ್ಲಿಸುವ ಡೇರೆಗಳೂ ಇವೆ, ಬಹಳ ಹಗುರ. ಇದು ಹೊಸ ಉಪಾಯವೇನಲ್ಲ. 1895ರಲ್ಲಿ ನಂಗಾ ಪರ್ಬತದಲ್ಲಿ ಕಣ್ಮರೆಯಾದ ಇಂಗ್ಲಿಷ್ ಪರ್ವತಾರೋಹಿ ಮಮ್ಮರಿ ತನ್ನ ಪುಟ್ಟ ಡೇರೆಯನ್ನು ಹಿಮಗೊಡಲಿಗಳ ಮೇಲೆ ನಿಲ್ಲಿಸುತ್ತಿದ್ದ; ಆ ಬಗೆಯ ಡೇರೆಗೆ ಅವನ ಹೆಸರೇ ನಿಂತಿತು. ಆದರೆ ಇಂಥವು ನಿಲ್ಲುವುದು ಗೂಟದ ಬಲದಿಂದ. ಕಲ್ಲು ನೆಲದಲ್ಲಿ ಗೂಟ ಇಳಿಯುವುದಿಲ್ಲ. ನಮ್ಮ ಮಲೆನಾಡಿನ ಮಳೆ ನೆನೆದ ಕೆಮ್ಮಣ್ಣಿನಲ್ಲಿ ಇಳಿದದ್ದು ನಿಲ್ಲುವುದಿಲ್ಲ. ಹೊಸಬರಾದ ನಮಗೆ ತಾನಾಗಿ ನಿಲ್ಲುವ ಡೇರೆಯೇ ಕ್ಷೇಮವೆನಿಸಿತು. ಗೂಟ ಇಳಿಯದಿದ್ದಲ್ಲಿ ಬಿಗಿಹಗ್ಗವನ್ನು ಕಲ್ಲಿಗೆ ಸುತ್ತಿ, ಅದರ ಮೇಲೊಂದು ದೊಡ್ಡ ಕಲ್ಲನ್ನು ಹೇರಬಹುದು.

ಡೇರೆಗಳು ಬಂದವು. ಗೆಳೆಯನೊಬ್ಬನ ತಂದೆಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು: 1.85 ಎಂದು ಅಚ್ಚಾಗಿದ್ದದ್ದು 2.1 ಕಿಲೋಗ್ರಾಂ ತೂಗಿತು. ಮೋಸವಲ್ಲ; ಅಚ್ಚಾದ ತೂಕದಲ್ಲಿ ಗೂಟ, ಹಗ್ಗ, ಚೀಲಗಳು ಸೇರಿರಲಿಲ್ಲ. ಕೊಳ್ಳುವವರು ಎರಡು ತೂಕಗಳನ್ನೂ ಕೇಳಬೇಕು. ಅಕ್ಕಿ ಕೊಳ್ಳಲು ಬಂದಿದ್ದ ಹಿರಿಯರೊಬ್ಬರು ಇದೇನು ಮಾರುತ್ತೀರಾ ಎಂದು ವಿಚಾರಿಸಿದರು.

ಬಳಿಕ ಕಾಲೇಜಿನ ಮೈದಾನದಲ್ಲಿ ಪರೀಕ್ಷೆ. ಮೊದಲ ಸಲ ನಿಲ್ಲಿಸಲು 22 ನಿಮಿಷ ಹಿಡಿಯಿತು. ನಾಲ್ಕನೆಯ ದಿನಕ್ಕೆ, ಕತ್ತಲಲ್ಲಿ, 6 ನಿಮಿಷ. ತೋಟದ ಮಾಲಿಯನ್ನು ಬೇಡಿಕೊಂಡು ಅರ್ಧ ಗಂಟೆ ಕೊಳವೆಯಿಂದ ನೀರು ಹಾಯಿಸಿದೆವು. ಆತನಿಗೆ ಇದು ಬಹಳ ಹಿಡಿಸಿತು. ನಿಲ್ಲಿಸಿ ಎಂದರೂ ನಿಲ್ಲಿಸಲಿಲ್ಲ. ಒಂದು ಡೇರೆಯ ಮೂಲೆಯ ಹೊಲಿಗೆಯಲ್ಲಿ ಜಿನುಗು ಕಂಡಿತು, ಅಂಟು ಬಳಿದು ಮುಚ್ಚಿದೆವು. ಇನ್ನೊಂದು ದೋಷವೂ ತಿಳಿಯಿತು: ನಮ್ಮವು ಒಳಡೇರೆಯನ್ನು ಮೊದಲು ನಿಲ್ಲಿಸಬೇಕಾದ ಬಗೆಯವು, ಮಳೆಯಲ್ಲಿ ನಿಲ್ಲಿಸುವಷ್ಟರಲ್ಲಿ ಒಳಗು ನೆನೆಯುತ್ತದೆ. ಹೊರ ಹೊದಿಕೆ ಮೊದಲು ನಿಲ್ಲುವ ಬಗೆ ಮಳೆನಾಡಿಗೆ ಮೇಲು. ಹಣ ಆಗಲೇ ಕೊಟ್ಟಾಗಿತ್ತು. ಇಬ್ಬರು ಹೊದಿಕೆಯನ್ನು ಚಪ್ಪರದಂತೆ ಎತ್ತಿ ಹಿಡಿದಿರುವಾಗ ಇನ್ನಿಬ್ಬರು ಅದರಡಿಯಲ್ಲಿ ಒಳಡೇರೆ ಎಬ್ಬಿಸುವ ಅಭ್ಯಾಸ ಮಾಡಿಕೊಂಡೆವು. ನಾಲ್ವರಿರುವುದರ ಪ್ರಯೋಜನ ಇದು.

ಹೊರೆ ಹಂಚುವಾಗ ಬಟ್ಟೆ ಒಬ್ಬನಿಗೆ, ಕೋಲು ಇನ್ನೊಬ್ಬನಿಗೆ ಎಂದು ಮೊದಲು ಎಣಿಸಿದ್ದೆವು. ಮಂಜಿನಲ್ಲಿ ಅವರಿಬ್ಬರೂ ಬೇರೆಯಾದರೆ? ಅರ್ಧ ಡೇರೆ ಯಾರಿಗೂ ಡೇರೆಯಲ್ಲ. ಒಂದೊಂದು ಜೋಡಿಯಲ್ಲಿ ಒಬ್ಬನಿಗೆ ಇಡೀ ಡೇರೆ, ಮತ್ತೊಬ್ಬನಿಗೆ ಒಲೆ, ಪಾತ್ರೆ, ಅಕ್ಕಿಬೇಳೆ ಎಂದು ಮಾಡಿದೆವು. ಒಲೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಎಷ್ಟೇ ಚಳಿಯಿರಲಿ, ಮುಚ್ಚಿದ ಡೇರೆಯೊಳಗೆ ಒಲೆ ಹಚ್ಚಕೂಡದು. ಬಟ್ಟೆಗೆ ಬೆಂಕಿ ತಗಲುವುದು ಒಂದು ಭಯ. ಅದಕ್ಕಿಂತ ದೊಡ್ಡದು, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್. ಅದು ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಡೇರೆ ಹಾಕುವ ಜಾಗಕ್ಕೂ ಕಟ್ಟಳೆಗಳಿವೆ. ನಮ್ಮ ಘಟ್ಟದ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಉತ್ತರಾಖಂಡದ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಅಲ್ಲಿಯ ಉಚ್ಚ ನ್ಯಾಯಾಲಯ 2018ರಲ್ಲಿ ನಿಷೇಧಿಸಿತು. ಹೊರಡುವ ಮುನ್ನ ವಿಚಾರಿಸುವುದು ಒಳ್ಳೆಯದು.

2024ರ ಸೆಪ್ಟೆಂಬರಿನಲ್ಲಿ, ಮನಾಲಿಯ ಮಾರ್ಗದರ್ಶಿಯೊಬ್ಬರ ಜೊತೆಯಲ್ಲಿ, ಜೋಬ್ರಾದಿಂದ ನಡೆಯತೊಡಗಿದೆವು. ಎರಡನೆಯ ರಾತ್ರಿ 'ಬಾಲು ಕಾ ಘೇರಾ' ಎಂಬಲ್ಲಿ, ಹೊಳೆಯ ಪಕ್ಕದ ಮರಳು ಬಯಲಿನಲ್ಲಿ ತಂಗಿದ್ದಾಗ ಮಳೆ ಹಿಡಿಯಿತು. ಸಕಲೇಶಪುರದಲ್ಲಿ ನೆನೆದ ಗೆಳೆಯ ನನ್ನ ಡೇರೆಯಲ್ಲಿಯೇ ಇದ್ದ. ಜೋಡಿಗಳನ್ನು ಹಾಗೆ ಮಾಡಿದವನು ನಾನೇ. ಹೊದಿಕೆಯ ಮೇಲೆ ಮಳೆಯ ಸದ್ದು ಕೇಳುತ್ತ ನನಗೆ ನಿದ್ದೆ ಹತ್ತಲಿಲ್ಲ. ಒಂದು ಗಂಟೆಯ ಸುಮಾರಿಗೆ ಎದ್ದು ದೀಪ ಹಚ್ಚದೆ ನೆಲಹಾಸಿನ ಅಂಚುಗಳನ್ನು ತಡವಿದೆ. ಮೂಲೆಯ ಹೊಲಿಗೆಯನ್ನು ತಡವಿದೆ. ಕಡೆಗೆ ಅವನ ಮಲಗುವ ಚೀಲದ ಪಾದದ ಕಡೆಯನ್ನು ಒತ್ತಿ ನೋಡಿದೆ. ಒಣಗಿತ್ತು. ಅವನು ಎಚ್ಚರಗೊಂಡು, "ನಿನಗೇನು ಹುಚ್ಚೇ, ಮಲಗು" ಎಂದು ಗದರಿದ. ಮಲಗಿದೆ. ಕಣಿವೆಮಾರ್ಗ ದಾಟಿದ ಮೇಲೆ ಶಿಯಾಗೋರುವಿನಲ್ಲಿ ಬೇರೆ ಬಗೆಯ ರಾತ್ರಿ: ತಿಳಿ ಆಕಾಶ, ಕೊರೆಯುವ ಗಾಳಿ. ಬೆಳಿಗ್ಗೆ ಹೊದಿಕೆಯ ಒಳಮೈಯೆಲ್ಲ ಬೆಳ್ಳಗೆ ಮಂಜುಗಟ್ಟಿತ್ತು. ನಮ್ಮದೇ ಉಸಿರು ಸಕ್ಕರೆಯಂತೆ ಉದುರಿತು. ಅದನ್ನು ಕೊಡವಿ, ಒದ್ದೆಯಾಗಿಯೇ ಸುತ್ತಿ, ಮಧ್ಯಾಹ್ನ ಛತ್ರುವಿನಲ್ಲಿ ಚಂದ್ರಾ ನದಿಯ ದಡದ ಬಂಡೆಗಳ ಮೇಲೆ ಹರಡಿದಾಗ ಹತ್ತು ನಿಮಿಷದಲ್ಲಿ ಗರಿಗರಿಯಾಯಿತು.

ಊರಿಗೆ ಬಂದ ದಿನವೇ ಅವನ ತಾಯಿಯ ಬಳಿಗೆ ಹೋದೆ. ಅವರು ಮಗನನ್ನು ನೋಡಿದ್ದರು; ಡೇರೆಯನ್ನು ನೋಡಬೇಕೆಂದರು. ಅವರ ಮನೆಯ ಅಂಗಳದಲ್ಲಿಯೇ ನಿಲ್ಲಿಸಿ ತೋರಿಸಿದೆ. ಒಳಗೆ ಹೋಗಿ ಕುಳಿತು, ಬಟ್ಟೆಯನ್ನು ಬೆರಳಿನಿಂದ ಹೊಸಕಿ ನೋಡಿ, "ಇಷ್ಟು ತೆಳುವೇ?" ಎಂದರು. ಡೀನಿಯರಿನ ಲೆಕ್ಕ ಹೇಳಲು ಬಾಯಿ ತೆರೆದೆ. ಅವರು ಅಷ್ಟರಲ್ಲಿ ಕಾಫಿ ತರಲು ಎದ್ದಿದ್ದರು.

ಎರಡೂ ಡೇರೆಗಳು ಈಗ ಹಾಸ್ಟೆಲಿನ ನನ್ನ ಕೋಣೆಯಲ್ಲಿ, ಬಿಗಿಯಾಗಿ ಸುತ್ತದೆ, ಸಡಿಲವಾದ ಹತ್ತಿಯ ಚೀಲದಲ್ಲಿವೆ. ಮುಂದಿನ ವರ್ಷ ಹೋಗುವ ಕಿರಿಯರು ಯಾರಾದರೂ ಕೇಳಿದರೆ ಕೊಡುತ್ತೇನೆ. ಮೂಲೆಯ ಹೊಲಿಗೆಗೆ ಅಂಟು ಬಳಿದಿರುವುದಕ್ಕೆ ಕೆಂಪು ದಾರದ ಗುರುತು ಕಟ್ಟಿದೆ. ಪೂರ್ತಿ ಒಣಗಿಸಿ ಹಿಂದಿರುಗಿಸಬೇಕು.